ಹದಿನಾಲ್ಕು ಲಕ್ಷದ ಭೀಮಪಲಾಸ

ಸಂಶಿಯ ಬಾಳಕೃಷ್ಣ ಮಾಸ್ತರರಿಗೆ ಹೊಟ್ಟೆಕಿಚ್ಚು ಅಂದರೇನೆಂದೇ ಗೊತ್ತಿಲ್ಲ ಎಂದು ಊರವರು ಹೇಳುತ್ತಿದ್ದರು. ಗೊತ್ತಾಗುವ ಪ್ರಸಂಗ ಬಂದಿರಲಿಲ್ಲ, ಅಷ್ಟೇ. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತರಾದ ಅವರ ಹತ್ತಿರ, ಊರಿನಲ್ಲಿ ಬೇರೆ ಯಾರ ಹತ್ತಿರವೂ ಇಲ್ಲದ ಒಂದು ವಸ್ತುವಿತ್ತು. ಅದು ಅವರು ಹಾಡು ಕೇಳುವ ಸೆಟ್ಟು. ರೇಡಿಯೋ ರಿಪೇರಿ ಅಂಗಡಿಯ ಜಹೀರುದ್ದೀನ ತನ್ನ ಕೈಯಾರೆ ಕಟ್ಟಿಕೊಟ್ಟ ಆಂಪ್ಲಿಫೈಯರ್, ಮತ್ತು ಅಜ್ಜನ ಸಾಗವಾನಿ ಮಂಚ ಬಿಚ್ಚಿ ಮಾಡಿಸಿದ ಎರಡು ಸ್ಪೀಕರ್ ಪೆಟ್ಟಿಗೆ. ಮಂಚ ಬಿಚ್ಚಿದ ದಿನ ಮಾಸ್ತರರ ತಾಯಿ ಸಿಟ್ಟಿನಿಂದ ಊಟ ಬಿಟ್ಟಿದ್ದರು.

ರವಿವಾರ ಸಂಜೆ ಐದಕ್ಕೆ ಪಡಸಾಲೆಯಲ್ಲಿ ನವಲಗುಂದದ ದೊಡ್ಡ ಜಮಖಾನ ಹಾಸುವುದು, ಎಂಟು ಹತ್ತು ಮಂದಿ ಬಂದು ಕೂಡುವುದು, ಮಾಸ್ತರರು ಆ ಹೊತ್ತಿನ ರಾಗ ಆರಿಸಿ ಹಚ್ಚುವುದು. ಇದು ಮೂವತ್ತೈದು ವರ್ಷದ ಪದ್ಧತಿ. ಈ ಸೀಮೆಯಲ್ಲಿ ಹತ್ತಿ ಬಿಡಿಸಿ ಬಂದವನೂ ತಾಳದ ಮೊದಲ ಪೆಟ್ಟಿಗೆ, ಅಂದರೆ ಸಮ್ಮಿಗೆ, ಹಾಡುಗಾರ ಸರಿಯಾಗಿ ಬಂದು ಕೂಡದಿದ್ದರೆ ಹುಬ್ಬು ಗಂಟಿಕ್ಕುತ್ತಾನೆ. ಹಾಗಾಗಿ ಕೇಳುವವರಿಗೆ ಬರವಿರಲಿಲ್ಲ. ಅರ್ಧ ಹಾಡಿಗೆ ಚಹಾ ಬರಬೇಕು. ತರುವವರು ಹೆಂಡತಿ ದ್ವಾರಕಾಬಾಯಿ. ಆಕೆ ಎಂದಾದರೂ ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಮಾಸ್ತರರು ಕತ್ತು ಕೂಡ ಹೊರಳಿಸದೆ, “ಚಹಾದ ಕಡೆ ಲಕ್ಷ್ಯ ಇರ್ಲಿ” ಅನ್ನುತ್ತಿದ್ದರು. ಆಕೆಗೆ ಹಾಡಿನ ಗಂಧವೇ ಇಲ್ಲ ಎಂದು ಅವರು ಎಂದೋ ತೀರ್ಮಾನಿಸಿಬಿಟ್ಟಿದ್ದರು.

ಹೀಗಿರುವಾಗ ಚಿಕ್ಕಪ್ಪನ ಮಗ ವಿಜಯೀಂದ್ರ ಬ್ಯಾಂಕಿನ ನೌಕರಿ ಮುಗಿಸಿ ಊರಿಗೆ ಬಂದು, ಎರಡು ಓಣಿ ಆಚೆ ಹೊಸ ಮನೆ ಕಟ್ಟಿಸಿದ. ಕಟ್ಟಿಸಿಕೊಂಡು ಸುಮ್ಮನಿರಬಾರದೇ? ಹಾಡು ಕೇಳಲೆಂದು ಹದಿನಾಲ್ಕು ಲಕ್ಷ ಕೊಟ್ಟು ಒಂದು ಸೆಟ್ಟು ತರಿಸಿದ. ಮನುಷ್ಯನ ಎದೆಮಟ್ಟದ ಎರಡು ಸ್ಪೀಕರು, ಕಪಾಟಿನಷ್ಟು ಆಂಪ್ಲಿಫೈಯರು, ಹೆಬ್ಬೆರಳು ದಪ್ಪದ ವೈರು. ಬೆಲೆ ಕೇಳಿ ಮಾಸ್ತರರು ಮೊದಲು ನಕ್ಕರು. ಅಷ್ಟು ದುಡ್ಡಿಗೆ ಟ್ರಾಕ್ಟರು ಟ್ರೇಲರು ಎರಡೂ ಬರುತ್ತವೆ, ದುಡ್ಡು ಎಷ್ಟು ಸುರಿದರೂ ಕಿವಿ ಮಾತ್ರ ಎರಡೇ ಎಂದು ಬಂದವರಿಗೆಲ್ಲ ಹೇಳಿದರು.

ಮುಂದಿನ ರವಿವಾರ ಜಮಖಾನದ ಮೇಲೆ ಐದು ಮಂದಿ ಇದ್ದರು. ಅದರ ಮುಂದಿನ ರವಿವಾರ ಇಬ್ಬರು, ಅವರಲ್ಲಿ ಒಬ್ಬರಿಗೆ ಕಿವಿ ಮಂದ. ಜಹೀರುದ್ದೀನ ಕೂಡ ಅಲ್ಲಿಗೆ ಹೋಗಿದ್ದನೆಂದು ತಿಳಿದಾಗ ಮಾಸ್ತರರಿಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ಅಂಗಡಿಗೇ ಹೋಗಿ, ಅದರಲ್ಲೇನು ಅಂಥ ಹೆಚ್ಚಳ ಎಂದು ಕೇಳಿದರು. ಜಹೀರುದ್ದೀನ ತಲೆ ಎತ್ತಲಿಲ್ಲ.

“ನಿಮ್ಮ ಮುಂದ ಸುಳ್ಳ ಹೇಳೂದಿಲ್ರಿ ಮಾಸ್ತರ್ರ. ತಬಲಾದ ಮ್ಯಾಲೆ ಕೈಬಟ್ಟು ಜಾರಿದ್ದು ಸೈತ ಕೇಳಸ್ತೈತ್ರಿ.”

ಸುಳ್ಳು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು ಎಂದು ಮಾಸ್ತರರು ಮನೆಗೆ ಬರುವತನಕ ಗೊಣಗಿದರು. ಆದರೆ ಅಸಲಿ ಪೆಟ್ಟು ಬಿದ್ದದ್ದು ಮೂರನೆಯ ರವಿವಾರ. ದ್ವಾರಕಾಬಾಯಿ ಇಳಕಲ್ ಸೀರೆ ಉಟ್ಟು, ವಿಜಯೀಂದ್ರನ ಹೆಂಡತಿ ಗೌತಮಿ ಕರೆದಿದ್ದಾಳೆ, ಹೋಗಿ ಬರುತ್ತೇನೆ ಎಂದರು. ಹಾಡಿಗೋ ಎಂದು ಕೇಳಿದರೆ, ಹೌದು, ಹಾಡಿಗೇ ಎಂದರು. ಗಂಡನ ಉತ್ತರಕ್ಕೆ ಕಾಯಲಿಲ್ಲ. ಆವತ್ತು ಮಾಸ್ತರರು ತಮ್ಮ ಸೆಟ್ಟನ್ನು ಹಚ್ಚಲೇ ಇಲ್ಲ. ವಿಜಯೀಂದ್ರನ ಮನೆಯ ಕರೆಂಟು ಹೋಗಲಿ, ಹೋಗಿ ನಾಲ್ಕು ದಿನ ಬರದಿರಲಿ ಎಂದು ಆಸೆಪಟ್ಟರು. ಕರೆಂಟು ಹೋಯಿತು, ಆದರೆ ಮಾಸ್ತರರ ಓಣಿಯದು.

ದೇವರು ಪೂರಾ ಕೈಬಿಟ್ಟಿರಲಿಲ್ಲ. ಒಂದು ಮುಂಜಾನೆ ವಿಜಯೀಂದ್ರನೇ ಬಂದ. ಹೊಸ ಮನೆಯ ಹಾಲ್ ತುಂಬ ನುಣುಪು ಗ್ರಾನೈಟ್ ಹಾಕಿಸಿದ್ದರಿಂದ ದನಿ ಕಲ್ಲಿಗೆ ಬಡಿದು ಗಂವ್ ಎನ್ನುತ್ತದೆ, ನೆಲಕ್ಕೆ ದಪ್ಪ ಜಮಖಾನ ಬೇಕು ಎಂದು ಜಹೀರುದ್ದೀನ ಹೇಳಿದ್ದನಂತೆ. ನವಲಗುಂದದಲ್ಲಿ ಹೇಳಿ ನೇಯಿಸಲು ಸಮಯ ಹಿಡಿಯುತ್ತದೆ. ಅಲ್ಲಿಯತನಕ ಅಣ್ಣನದು ಸಿಕ್ಕರೆ ಉಪಕಾರ. ಮಾಸ್ತರರಿಗೆ ಅನ್ನ ರುಚಿಸತೊಡಗಿತು. ಹದಿನಾಲ್ಕು ಲಕ್ಷದ ಸೆಟ್ಟು ತಮ್ಮ ಹಳೇ ಜಮಖಾನಕ್ಕೆ ಕೈಯೊಡ್ಡಿದ್ದನ್ನು ಅವರು ಕಿರಾಣಿ ಅಂಗಡಿಯಲ್ಲಿ ಒಮ್ಮೆ, ಬಸ್‌ಸ್ಟ್ಯಾಂಡಿನಲ್ಲಿ ಎರಡು ಸಲ ಹೇಳಿದರು.

ಹೋಗುವಾಗ ವಿಜಯೀಂದ್ರ ಇನ್ನೊಂದು ಮಾತು ಹೇಳಿದ್ದ. “ನೀ ಬಂದು ಕೇಳಿ, ರೊಕ್ಕಕ್ಕ ತಕ್ಕಂಗ ಅದ ಅನ್ನೂತನಕ ನನಗ ಸಮಾಧಾನ ಇಲ್ಲ ಬಾಳಣ್ಣಾ.”

ಇಂಥ ಅವಕಾಶ ಬಿಡುವುದುಂಟೇ? ಮಾಸ್ತರರು ರವಿವಾರ ಜಮಖಾನವನ್ನು ತಾವೇ ಹೆಗಲಿಗೆ ಹಾಕಿಕೊಂಡು ಹೊರಟರು. ಕಿಸೆಯಲ್ಲಿ ಒಂದು ಪೆನ್‌ಡ್ರೈವ್ ಇಟ್ಟುಕೊಂಡರು. ಮದುವೆಯಾದ ಎರಡನೆಯ ವರ್ಷ ಅವರದೇ ಪಡಸಾಲೆಯಲ್ಲಿ ಹುಬ್ಬಳ್ಳಿಯ ಗವಾಯಿಯೊಬ್ಬರು ಹಾಡಿದ್ದ ಭೀಮಪಲಾಸ ರಾಗವನ್ನು ಮಾಸ್ತರರು ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರು. ಜಹೀರುದ್ದೀನ ಈಚೆಗೆ ಅದನ್ನು ಪೆನ್‌ಡ್ರೈವಿಗೆ ಇಳಿಸಿಕೊಟ್ಟಿದ್ದ. ಅದನ್ನು ಅವರು ನೂರಾರು ಸಲ ಕೇಳಿದ್ದರು. ಹಳೇ ಕ್ಯಾಸೆಟ್ಟಿನ ಗುಸುಗುಸು ಆ ದೊಡ್ಡ ಸೆಟ್ಟಿನಲ್ಲಿ ಹತ್ತು ಪಟ್ಟಾಗಿ ಕೇಳಲಿ, ನಾಲ್ಕು ಜನರ ಮುಂದೆ ವಿಜಯೀಂದ್ರನ ಮುಖ ಸಣ್ಣದಾಗಲಿ ಎಂಬುದು ಅವರ ಲೆಕ್ಕ.

ಜಮಖಾನ ಹಾಸಿದರು. ಹಳೇ ಮಂದಿಯೆಲ್ಲ ಅಲ್ಲಿಯೇ ಇದ್ದರು, ಮಾಸ್ತರರನ್ನು ಕಂಡು ತುಸು ನಾಚಿ ಸರಿದು ಜಾಗ ಕೊಟ್ಟರು. ದ್ವಾರಕಾಬಾಯಿ ಗೌತಮಿಯ ಪಕ್ಕದಲ್ಲಿ, ಸ್ಪೀಕರುಗಳಿಗೆ ನಟ್ಟನಡುವೆ, ಮೆತ್ತನೆಯ ಕುರ್ಚಿಯಲ್ಲಿ ಕೂತಿದ್ದರು. ಅಂಥ ಜಾಗದಲ್ಲಿ ಆಕೆ ಕೂತದ್ದನ್ನು ಅವರು ಈವರೆಗೆ ಕಂಡಿರಲಿಲ್ಲ.

ಮಾಸ್ತರರು ಪೆನ್‌ಡ್ರೈವ್ ಕೊಟ್ಟರು, ಹಾಡು ಶುರುವಾಯಿತು. ಗುಸುಗುಸು ಇತ್ತು, ನಿಜ. ಆದರೆ ಅದರ ಹಿಂದೆ ಗವಾಯಿಗಳು ಎದುರಿಗೆ ಬಂದು ಕೂತಿದ್ದರು. ಅವರು ಉಸಿರು ತೆಗೆದುಕೊಳ್ಳುವುದು ಕೇಳಿತು, ತಂಬೂರಿಯ ನಾಲ್ಕೂ ತಂತಿ ಬೇರೆ ಬೇರೆಯಾಗಿ ಕೇಳಿದವು. ಮಾಸ್ತರರಿಗೆ ಅಳು ಬರುವಷ್ಟು ಅಸೂಯೆಯಾಯಿತು. ತನ್ನ ಮನೆಯ ಹಾಡು, ತಾನು ಹಿಡಿದ ಹಾಡು, ಕಂಡವನ ಮನೆಯಲ್ಲಿ ಇಷ್ಟು ಚೆಂದ ಕೇಳಬಹುದೇ?

ಆಗ ಹಾಡಿನೊಳಗಿಂದಲೇ ಇನ್ನೊಂದು ಸದ್ದು ಕೇಳಿತು. ದೂರದಲ್ಲಿ, ಎಡಗಡೆ, ಗಾಜಿನ ಬಳೆಯ ಸಣ್ಣ ಕಿಣಿ. ತಾಳ ಸುತ್ತಿ ಬಂದಾಗ ಮತ್ತೊಮ್ಮೆ. ಮೂರನೆಯ ಸಲಕ್ಕೆ ಮಾಸ್ತರರ ಬೆನ್ನು ನೆಟ್ಟಗಾಯಿತು. ಬಳೆ ಸುಮ್ಮನೆ ಅಲುಗುತ್ತಿರಲಿಲ್ಲ. ಯಾರೋ ತೊಡೆಯ ಮೇಲೆ ತಾಳ ಹಾಕುತ್ತಿದ್ದರು, ಪ್ರತಿ ಸಮ್ಮಿಗೂ ಕೂದಲೆಳೆಯಷ್ಟೂ ತಪ್ಪದೆ. ಹಾಡು ಹಿಡಿದ ತಮ್ಮ ಪಡಸಾಲೆಯಲ್ಲಿ ಎಡಗಡೆ ಅಡುಗೆಮನೆಯ ಬಾಗಿಲು. ತಾಯಿ ಆಗ ಊರಲ್ಲಿರಲಿಲ್ಲ, ಆವತ್ತು ಮನೆಯಲ್ಲಿದ್ದ ಹೆಂಗಸು ಒಬ್ಬಳೇ.

ಸಾಗವಾನಿ ಪೆಟ್ಟಿಗೆಗಳಲ್ಲಿ ಬರೀ ಗೊರಗೊರ ಎಂದು ಕೇಳುತ್ತಿದ್ದ ಒಂದು ಜಾಗ ಹತ್ತಿರ ಬಂತು. ಯಾರೋ ಕೆಮ್ಮಿದ್ದೆಂದು ಅವರು ಅಂದುಕೊಂಡಿದ್ದರು. ಇಲ್ಲಿ ಅದು ತಿಳಿಯಾಗಿ, ಹರೆಯದ ಬಾಳಕೃಷ್ಣನ ದನಿಯಲ್ಲಿ ಕೇಳಿತು. “ಚಹಾದ ಕಡೆ ಲಕ್ಷ್ಯ ಇರ್ಲಿ.”

ಕೂತವರೆಲ್ಲ ನಕ್ಕರು. ದ್ವಾರಕಾಬಾಯಿ ನಗಲಿಲ್ಲ. ಹಾಡು ಇನ್ನೂ ಇಪ್ಪತ್ತು ನಿಮಿಷ ನಡೆಯಿತು. ಮಾಸ್ತರರು ಒಂದೊಂದು ಸಮ್ಮಿಗೂ ಕಾದರು. ಬಳೆ ಮತ್ತೆ ಕೇಳಲಿಲ್ಲ.

ರೊಕ್ಕಕ್ಕೆ ತಕ್ಕಂತೆ ಇದೆಯೇ ಎಂದು ವಿಜಯೀಂದ್ರ ಕೇಳಿದಾಗ ಮಾಸ್ತರರು ಜಮಖಾನದ ಅಂಚು ನೋಡುತ್ತ ಕೂತಿದ್ದರು. “ಕೇಳಬಾರದ್ದೂ ಕೇಳಸ್ತದಪ್ಪ” ಎಂದಷ್ಟೇ ಹೇಳಿದರು.

ಮನೆಯ ಹಾದಿಯಲ್ಲಿ ಮಾಸ್ತರರು, ಆ ಸೆಟ್ಟು ನಮ್ಮದಕ್ಕಿಂತ ಅಷ್ಟು ಮನಸ್ಸಿಗೆ ಸೇರಿತೇ ಎಂದು ಹೆಂಡತಿಯನ್ನು ಕೇಳಿದರು. ಆಕೆ ಹತ್ತು ಹೆಜ್ಜೆ ಯೋಚಿಸಿ ಉತ್ತರ ಕೊಟ್ಟರು.

“ಸೆಟ್ಟಿಂದು ನನಗೇನು ತಿಳೀತದರಿ. ಅವರ ಮನ್ಯಾಗ ಚಹಾ ಮೊದಲಽ ಮಾಡಿ ಫ್ಲಾಸ್ಕಿನ್ಯಾಗ ಇಟ್ಟಿರ್ತಾರ.”

ಮರು ರವಿವಾರ ದ್ವಾರಕಾಬಾಯಿ ಸೀರೆ ಬದಲಿಸಲು ಎದ್ದಾಗ ಮಾಸ್ತರರು ಪಡಸಾಲೆಯ ನಡುವೆ ಕುರ್ಚಿ ಹಾಕಿ, ಕೂಡು ಎಂದರು. ಭೀಮಪಲಾಸ ಹಚ್ಚಿದರು. ಆಮೇಲೆ ಅಡುಗೆಮನೆಗೆ ಹೋಗಿ, ಮೂರು ಡಬ್ಬಿ ತೆಗೆದು ನಾಲ್ಕನೆಯದರಲ್ಲಿ ಸಕ್ಕರೆ ಹುಡುಕಿ, ಚಹಾಕ್ಕೆ ಇಟ್ಟರು. ಗ್ಯಾಸಿನ ಭುಸುಭುಸು, ಪಾತ್ರೆಯ ಸದ್ದು. ಗೋಡೆಯಾಚೆಯ ಹಾಡು ಅರ್ಧ ಕೇಳಿತು, ಅರ್ಧ ಕೇಳಲಿಲ್ಲ. ಆದರೆ ಹೆಂಡತಿಯ ಕೈಯ ಹಸಿರು ಬಳೆ ಮಾತ್ರ ಸಮ್ಮಿಗೆ ಸರಿಯಾಗಿ ಕಿಣಿ ಎಂದಿತು. ಕುರ್ಚಿಯಲ್ಲಿ ಆರಾಮಾಗಿ ಕೂತು ಕೇಳುತ್ತಿದ್ದವಳ ಮೇಲೆ ಅವರಿಗೆ ವಿಜಯೀಂದ್ರನ ಮೇಲಿದ್ದದ್ದಕ್ಕಿಂತ ಹೆಚ್ಚು ಹೊಟ್ಟೆಕಿಚ್ಚಾಯಿತು. ತಡೆಯಲಾಗದೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು.

ದ್ವಾರಕಾಬಾಯಿ ಕಣ್ಣು ಮುಚ್ಚಿದ್ದರು. ಕತ್ತು ಹೊರಳಿಸಲಿಲ್ಲ.

“ಚಹಾದ ಕಡೆ ಲಕ್ಷ್ಯ ಇರ್ಲಿರಿ” ಎಂದರು.