ಅತ್ತೆಯ ಎದುರು ಕಾಲು ಚಾಚಿದ್ದು

ಮೊನ್ನೆ ಗೌರಿಬಿದನೂರಿನ ಸೈಕಲ್ ಅಂಗಡಿಯ ಮುಂದೆ ಹಾದುಹೋಗುವಾಗ ಹೊಸ ಟ್ಯೂಬಿನ ರಬ್ಬರ್ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಗೆ ನಿಮಗೆ ಪಂಕ್ಚರ್ ನೆನಪಾಗಬಹುದು. ನನಗೆ ನೆನಪಾಗುವುದು ನಮ್ಮ ಅತ್ತೆ. ರಬ್ಬರ್ ಅಂಗಿ ತೊಟ್ಟು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಈಜುಕೊಳದ ಅಂಚಿನಲ್ಲಿ ಕೂತ ಅತ್ತೆ. ನಗುವುದಾದರೆ ನಕ್ಕುಬಿಡಿ, ಆಗ ನಮ್ಮ ಬೀದಿಯೆಲ್ಲ ನಕ್ಕಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಕಳೆದಿತ್ತು. ಅತ್ತೆ ನಗರಗೆರೆಯಲ್ಲಿ ತಮ್ಮಪ್ಪನ ತೋಟದ ಬಾವಿಯಲ್ಲಿ ಈಜಿ ಬೆಳೆದವರು. ಮದುವೆಯಾದ ಮೇಲೆ ಅವರು ಕಂಡ ಅತಿ ಆಳದ ನೀರೆಂದರೆ ನಮ್ಮ ಬಚ್ಚಲ ಹಂಡೆಯದು. ಒಂದು ದಿನ ಟಿವಿಯಲ್ಲಿ ಕಡಲ ತಳದ ಮೀನು ನೋಡಿ, "ಸಾಯೋದ್ರೊಳಗೆ ಅಲ್ಲಿಗೆ ಒಂದ್ಸಲ ಹೋಗ್ಬರ್ಬೇಕು" ಅಂದರು, ಕಾಶಿಗೆ ಹೋಗುವವರ ಧಾಟಿಯಲ್ಲಿ. ಅವರ ಮಗ, ಅಂದರೆ ನಮ್ಮ ಯಜಮಾನರು, ಮೊಣಕಾಲುದ್ದದ ನೀರಿಗೂ ಹೆದರುವ ಧೀರರು. ನನಗೆ ಅಷ್ಟಿಷ್ಟು ಈಜು ಬರುತ್ತಿತ್ತು, ಅದೇ ತಪ್ಪಾಯಿತು; ಅತ್ತೆಯ ಜೊತೆಗೆ ನಾನೇ ಹೊರಡಬೇಕಾಯಿತು.

ಹರಿಯುವ ನೀರನ್ನೇ ಕಾಣದ ನಮ್ಮ ಸೀಮೆಯಲ್ಲಿ ಕಡಲಿನ ಪಾಠ ನಡೆದದ್ದು ಚಿಕ್ಕಬಳ್ಳಾಪುರದಾಚೆಯ ಒಂದು ರೆಸಾರ್ಟಿನ ಈಜುಕೊಳದಲ್ಲಿ. ಬೆಂಗಳೂರಿನಿಂದ ಭಾನುವಾರ ಬರುತ್ತಿದ್ದ ಮೇಷ್ಟ್ರು ಹೇಳುತ್ತಿದ್ದರು: "ಮೇಲಕ್ಕೆ ಏಳ್ಬಾರ್ದು, ತಳಕ್ಕೆ ಇಳೀಬಾರ್ದು. ಉಸಿರಲ್ಲೇ ತೂಕ ಹಿಡ್ಕೊಂಡು, ಚಾಪೆ ಹಾಸ್ದಂಗೆ ಮಟ್ಟಸವಾಗಿ ತೇಲ್ಬೇಕು." ಏಳದೆ ಮುಳುಗದೆ ನಡುವೆ ಇರುವುದು ಸೊಸೆಯಾದವಳಿಗೆ ಹೊಸ ವಿದ್ಯೆಯೇನಲ್ಲ, ಬೇಗ ಕಲಿತೆ. ಮಟ್ಟಸವಾಗುವುದು ಮಾತ್ರ ಆಗಲಿಲ್ಲ.

ನೀರಿನೊಳಗೆ ಜೋಡಿಯಾಗಿಯೇ ಹೋಗಬೇಕು: ಸುಮಾರಾದವರು ಮುಂದೆ, ಬಲ್ಲವರು ಹಿಂದೆ. ಹಾಗಾಗಿ ನಾನು ಮುಂದೆ, ಅತ್ತೆ ಹಿಂದೆ. ಕಾಲು ನೀಡಿದರೆ ನೇರ ಅವರ ಮುಖಕ್ಕೆ. ಮನೆಯಲ್ಲಿ ಅತ್ತೆ ಬಾಗಿಲಿಗೆ ಬಂದರೆ ಸಾಕು, ಚಾಚಿದ ಕಾಲನ್ನು ಎಳೆದುಕೊಂಡು ಅಭ್ಯಾಸವಾದವಳು ನಾನು. ಆ ಕಾಲಿಗೆ ನೆಲವೇನು, ನೀರೇನು? ತಾನಾಗಿ ಮಡಚಿಕೊಳ್ಳುತ್ತಿತ್ತು. ಮಡಚಿದ ಕೂಡಲೇ ಸೊಂಟ ಜಾರಿ, ಬಸ್ಸಿಗೆ ಕಾಯುವವಳಂತೆ ನೀರಿನಲ್ಲಿ ನೆಟ್ಟಗೆ ನಿಲ್ಲುತ್ತಿದ್ದೆ.

ಮೇಷ್ಟ್ರು, ಮೈ ಮೇಲಕ್ಕೇಳದಿರಲೆಂದು ಸೊಂಟಕ್ಕೆ ಕಟ್ಟಿದ್ದ ಸೀಸದ ತುಂಡುಗಳನ್ನು ಮೇಲೆ ಕಟ್ಟಿ, ಕೆಳಗೆ ಕಟ್ಟಿ, ಸಾಕಾಗಿಹೋದರು.

"ಇವತ್ತು ಮಟ್ಟಸ ಆಗ್ಲಿಲ್ಲ ಅಂದ್ರೆ ಇಬ್ಬರನ್ನೂ ಕಡಲಿಗೆ ಕರ್ಕೊಂಡೋಗಲ್ಲ ಮೇಡಂ. ಜೋಡಿ ಅಂದ್ರೆ ಜೋಡಿ."

ಅತ್ತೆಯ ಮುಖ ಸಣ್ಣದಾಯಿತು. ನನಗೆ ಅಳುವೇ ಬಂತು. ಅತ್ತೆ ಜನ್ಮದಲ್ಲಿ ಬಾಯಿಬಿಟ್ಟು ಕೇಳಿದ್ದು ಆ ಕಡಲೊಂದನ್ನೇ. ಅತ್ತೆ ನನ್ನ ಹತ್ತಿರ ಸರಿದು ಕೇಳಿದರು:

"ನಾನು ಹಿಂದೆ ಇದೀನಿ ಅಂತ ಕಾಲು ಮಡಚ್ಕೊಂತೀಯೇನಮ್ಮ?"

"ನಿಮ್ಮ ಮುಖಕ್ಕೆ ಹೆಂಗೆ ಕಾಲು ತೋರ್ಸಲಿ ಅತ್ತೆ?"

"ಸರಿ, ನಡಿ" ಅಂದರು, ಅಷ್ಟೇ.

ಮತ್ತೆ ಇಳಿದೆವು. ಮೊಣಕಾಲು ಇನ್ನೇನು ಮಡಚಬೇಕು, ಯಾರೋ ಎರಡೂ ಕಾಲು ಗಟ್ಟಿಯಾಗಿ ಹಿಡಿದರು. ತಿರುಗಿ ನೋಡಿದರೆ ಅತ್ತೆ. ಹಬ್ಬ ಹಬ್ಬಕ್ಕೂ ಯಾರ ಕಾಲಿಗೆ ಬೀಳುತ್ತಿದ್ದೆನೋ ಅವರೇ ನನ್ನ ಕಾಲು ಹಿಡಿದಿದ್ದಾರೆ. ಬೇಡ ಅನ್ನೋಣವೆಂದರೆ ಬಾಯಲ್ಲಿ ಗಾಳಿಯ ಕೊಳವೆ. ಕೊಸರಿಕೊಂಡರೆ ಒದ್ದ ಹಾಗಾಗುತ್ತದೆ, ಅದು ಇನ್ನೂ ದೊಡ್ಡ ಪಾಪ. ಬೇರೆ ದಾರಿಯಿಲ್ಲದೆ ಮಟ್ಟಸವಾದೆ. ಅವರು ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದು, ನೇರ ಮಾಡಿ, ಬಿಟ್ಟರು. ಕಾಲು ಹಾಗೇ ನಿಂತಿತು.

ಕೊನೆಗೂ ನನ್ನ ಜೋಡಿಯಾಗಿ ಅತ್ತೆ ಕಡಲಿಗಿಳಿದರು. ಮೇಲೆ ಬಂದು ದೋಣಿ ಹತ್ತಿದವರೇ, "ಉಪ್ಪು ಒಂಚೂರು ಜಾಸ್ತಿ ಕಣಮ್ಮ" ಅಂದರು, ನನ್ನ ಸಾರಿಗೆ ಹೇಳುವ ಹಾಗೆಯೇ. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡು ಅತ್ತರು. ಸಂತೋಷಕ್ಕೇ ಇರಬೇಕು, ನಾನು ಕೇಳಲಿಲ್ಲ.

ಊರಿಗೆ ಬಂದ ಮೇಲೆ ನನ್ನ ಕಾಲು ಯಥಾಪ್ರಕಾರ ಮಡಚಿಕೊಂಡಿತು. ನೀರಿನೊಳಗೆ ಆದದ್ದರ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ, ಇಷ್ಟು ವರ್ಷ.

ಮೊನ್ನೆ ಆ ಸೈಕಲ್ ಅಂಗಡಿ ದಾಟಿ ಮನೆಗೆ ಬಂದಾಗ ಅತ್ತೆ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಎದುರಿಗೆ ಕೂತೆ. ಕೂತು, ಎರಡೂ ಕಾಲು ಅವರ ಕಡೆಗೇ ಚಾಚಿದೆ. ಅತ್ತೆ ತಲೆ ಎತ್ತಲಿಲ್ಲ. ಕಾಲಿಗೆ ಜಾಗ ಸಾಲದೆಂದು ಮೊರವನ್ನು ಪಕ್ಕಕ್ಕೆ ಸರಿಸಿದರು.