ಎಡಗೈಯ ಚಾಕು

ಮಾರಾಟದ ಪೆಟ್ಟಿಗೆಗೆ ಹಾಕುವುದೋ ಬೇಡವೋ? ಹಾಕಿದರೆ, ಕೊಟ್ಟವಳ ಇಷ್ಟದಂತೆ ನಡೆದಂತೆ. ಹಾಕದಿದ್ದರೆ, ತಡೆಯಲು ತಾನು ಯಾರು? ವಾಪಸು ಕೊಡೋಣವೆಂದರೆ, ತನ್ನದೇ ಅಲ್ಲ ಎನ್ನುತ್ತಾಳೆ. ತನ್ನದಲ್ಲ ಎನ್ನುವವಳ ಕೈಗೆ ಚಾಕು ತುರುಕುವುದು ಹೇಗೆ?

ಬೆಳಗಿನ ಐದೂವರೆ. ತನಿಗುಚಿ ಇಸಾವೊ ಸಾಣೆಕಲ್ಲಿಗೆ ನೀರು ಚಿಮುಕಿಸಿ, ಚಾಕುವನ್ನು ಎತ್ತಿಕೊಂಡು, ಮತ್ತೆ ಕೆಳಗಿಡುತ್ತಾರೆ. "ಥೂ, ಈ ಹೆಂಗಸಿನ ಹಟವೇ" ಎಂದು ಯಾರಿಗೂ ಕೇಳದಂತೆ ಗೊಣಗಿ, ಪಕ್ಕದಲ್ಲಿರುವ ಬೇರೊಂದು ಚಾಕುವಿಗೆ ಕೈ ಹಾಕುತ್ತಾರೆ. ಒಂದು ತಿಂಗಳಿಂದ ಪ್ರತಿ ಬೆಳಿಗ್ಗೆ ನಡೆಯುತ್ತಿರುವುದು ಇಷ್ಟೇ.

ಜಪಾನಿನ ನೋಟೋ ಕರಾವಳಿಯ ನಾಗಹಾಮ ಊರಿನಲ್ಲಿ, ಮೀನುಗಾರರ ಸಂಘ ಬಲೆ ಇಡಲು ಬಳಸುತ್ತಿದ್ದ ಕೊಟ್ಟಿಗೆಯೇ ಈಗ ಅವರ ಕಾರ್ಯಾಗಾರ. ಹೊಸವರ್ಷದ ದಿನದ ಭೂಕಂಪದಲ್ಲಿ ಅವರ ಕುಲುಮೆಯ ಮೇಲೆ ಗುಡ್ಡ ಜಾರಿತು. ಮಣ್ಣು ಬಗೆದಾಗ ಸಿಕ್ಕಿದ್ದು ಏಳು ಸಾಣೆಕಲ್ಲು. ಸೆಪ್ಟೆಂಬರಿನ ನೆರೆ ಬಂದು ಅದರಲ್ಲೂ ಎರಡನ್ನು ಒಯ್ದಿತು. ಉಳಿದ ಐದರ ಮೇಲೆ, ಎಪ್ಪತ್ತೊಂದರ ಈ ಕಮ್ಮಾರ ದಿನಕ್ಕೆ ಎಂಟೋ ಒಂಬತ್ತೋ ಹಳೆಯ ಚಾಕುಗಳಿಗೆ ಜೀವ ಕೊಡುತ್ತಾರೆ. ದೇಶದ ಮೂಲೆಮೂಲೆಯಿಂದ ಜನ ಅಟ್ಟದ ಮೇಲಿನ ಚಾಕುಗಳನ್ನು ಕಳಿಸುತ್ತಾರೆ. ಇಸಾವೊ ತುಕ್ಕು ಬಿಡಿಸಿ, ಸೊಟ್ಟ ತಿದ್ದಿ, ಸಾಣೆ ಹಿಡಿದು, ಹೊಸ ಹಿಡಿ ಕೂರಿಸುತ್ತಾರೆ. ಕನಜಾವ ನಗರದ ಮಿನೊರಿ ಎಂಬವರು ಅವನ್ನು ಮಾರುತ್ತಾರೆ. ಬಂದ ಹಣವೆಲ್ಲ, ಮನೆ ಕಳೆದುಕೊಂಡವರ ತಾತ್ಕಾಲಿಕ ವಸತಿಯ ಅರವತ್ತೆರಡು ಮನೆಗಳಿಗೆ ಸೇರಿ ಒಂದು ಸಾಮೂಹಿಕ ಅಡುಗೆಮನೆ ಕಟ್ಟಲು. ಆ ಮನೆಗಳಲ್ಲಿ ಹಲಗೆ ಇಟ್ಟರೆ ಪಾತ್ರೆ ಇಡಲು ಜಾಗವಿಲ್ಲ, ಪಾತ್ರೆ ಇಟ್ಟರೆ ಹಲಗೆಗಿಲ್ಲ.

ಇದನ್ನು ಸೇವೆ ಎಂದರೆ ಇಸಾವೊಗೆ ರೇಗುತ್ತದೆ. ಅವರಿಗೆ ರೇಗದ ವಿಷಯಗಳೇ ಕಡಿಮೆ. ಒಂದು ಪೊಟ್ಟಣದಲ್ಲಿ ಪಿಜ್ಜಾ ಕತ್ತರಿಸುವ ಚಕ್ರ ಬರುತ್ತದೆ. ಇನ್ನೊಂದರಲ್ಲಿ ಹುಲ್ಲಿನ ಕತ್ತರಿ, ಜೊತೆಗೆ ನಾಲ್ಕು ಪುಟದ ಸಾಂತ್ವನ. ಇವೆಲ್ಲ ಹೋಗಲಿ ಎನ್ನಬಹುದು. ತಡೆಯಲಾರದ್ದು ಬೇರೆ.

"ತುಕ್ಕು ಹಿಡಿದದ್ದನ್ನ ಹಾಗೇ ಕಳಿಸಿ ಅಂತ ಇಷ್ಟು ದೊಡ್ಡ ಅಕ್ಷರದಲ್ಲಿ ಬರೆಸಿದೀವಿ. ಕೇಳ್ತಾರಾ? ನೊಂದವರಿಗೆ ಗಲೀಜು ಕಳಿಸೋಕೆ ನಾಚಿಕೆಯಂತೆ! ಕಳಿಸೋ ಮುಂಚೆ ಸಿಮೆಂಟಿಗೆ ಹಾಕಿ ಗಸಗಸ ಉಜ್ತಾರೆ. ಮೀನಿನ ಚಾಕುವಿನ ಬೆನ್ನಲ್ಲಿ ಒಂದು ಸಣ್ಣ ಹಳ್ಳ ಇರತ್ತೆ, ಅದೇ ಅದರ ಜೀವ. ಅದನ್ನೇ ಉಜ್ಜಿ ಸಪಾಟು ಮಾಡಿ, ಮೇಲೆ ರೇಷ್ಮೆ ಬಟ್ಟೆ ಸುತ್ತಿ ಕಳಿಸ್ತಾರೆ. ತುಕ್ಕಾದರೆ ಒಂದು ಗಂಟೆ ಕೆಲಸ. ಇವರ ಮರ್ಯಾದೆ ಬಿಡಿಸೋಕೆ ಎರಡು ದಿನ."

ಎರಡನೆಯ ಕಿರಿಕಿರಿ, ಚೀಟಿ. ಪ್ರತಿ ಚಾಕುವಿನ ಜೊತೆ ಅದರ ಕಥೆ ಬರೆದ ಚೀಟಿಯಿದ್ದರೆ ಬೇಗ ಮಾರಾಟವಾಗುತ್ತದೆ ಎಂಬುದು ಮಿನೊರಿಯ ಅನುಭವ. ಯಾರದು, ಏನು ಕೊಯ್ಯುತ್ತಿದ್ದರು, ಬದುಕಿದ್ದಾರೋ ಇಲ್ಲವೋ.

"ಅವರಿಗೆ ಮೂಲಂಗಿ ಹೆಚ್ಚಬೇಕೋ ಅಳಬೇಕೋ?" ಎಂದು ಇಸಾವೊ ಕೇಳುತ್ತಾರೆ. "ಕಣ್ಣೀರೂ ಉಪ್ಪು ನೀರೇ. ಚಾಕುವಿಗೆ ಬಿದ್ರೆ ಒರೆಸಬೇಕು, ಅಷ್ಟೇ."

ಮಾರಾಟದ ಪಟ್ಟಿಯಲ್ಲಿ ಇನ್ನೂರ ಹದಿನೇಳನೆಯದಕ್ಕೆ ಮಾತ್ರ ಚೀಟಿಯೂ ಇಲ್ಲ, ಹೆಸರೂ ಇಲ್ಲ. ಅದು ದೂರದಿಂದ ಬಂದದ್ದಲ್ಲ. ಮುರಿದ ಮನೆಗಳಿಂದ ಹೆಕ್ಕಿದ್ದನ್ನು ಬೇಡವಾದವರು ಹಾಕಲೆಂದು ವಸತಿಯ ಸಭಾಂಗಣದಲ್ಲಿ ಇಟ್ಟ ಪೆಟ್ಟಿಗೆಯಲ್ಲಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಬಂದದ್ದು. ಬಿಚ್ಚಿದ ಕೂಡಲೇ ಇಸಾವೊಗೆ ಗೊತ್ತಾಯಿತು. ಮೀನಿನ ಚಾಕುವಿಗೆ ಬಲಮಗ್ಗುಲಲ್ಲಿ ಇಳಿಜಾರು ಇರುತ್ತದೆ. ಇದಕ್ಕೆ ಎಡಮಗ್ಗುಲಲ್ಲಿ, ಎಡಗೈಯವರಿಗೆಂದು. ನಾಗಹಾಮದಲ್ಲಿ ಅಂಥದ್ದು ಒಂದೇ. ನಲವತ್ತೈದು ವರ್ಷದ ಹಿಂದೆ ಅದನ್ನು ಮಾಡಿಕೊಟ್ಟವರು ಅವರೇ.

ಶಿಜುಯೆ ಆಗ ದೋಣಿಯವರ ಮನೆಯ ಸೊಸೆ. ಎಡಗೈಯಲ್ಲಿ ಮೀನು ಕೊಯ್ದರೆ ಅತ್ತೆ ಬೆರಳಿಗೆ ಹೊಡೆಯುತ್ತಿದ್ದಳು. ಬಲಗೈಯಲ್ಲಿ ಕೊಯ್ಯಲು ಹೋಗಿ ಐದು ವರ್ಷ ಕೈ ಕುಯ್ದುಕೊಂಡವಳು, ಒಂದು ದಿನ ಕುಲುಮೆಯ ಹಿಂಬಾಗಿಲಿಗೆ ಬಂದಳು. ಮನೆತನದ ಜಗಳಕ್ಕೆ ತಾನು ಬರುವುದಿಲ್ಲ ಎಂದು ಇಸಾವೊರ ತಂದೆ ಕೈಚೆಲ್ಲಿದರು. ಇಪ್ಪತ್ತಾರರ ಇಸಾವೊ ಒಪ್ಪಿಕೊಂಡರು. "ಎಡಗೈಯದು ಮೊದಲು ಮಾಡಿದೀಯಾ?" ಎಂದು ಆಕೆ ಕೇಳಿದ್ದಳು. "ಬೇಕಾದಷ್ಟು" ಎಂದಿದ್ದರು.

ಈಗ ಶಿಜುಯೆಗೆ ಎಪ್ಪತ್ತನಾಲ್ಕು. ಭೂಕಂಪದಲ್ಲಿ ಗಂಡ ಮನೆಯಡಿ ಸಿಕ್ಕಿ ತೀರಿಹೋದರು. ಪ್ರತಿ ಗುರುವಾರ ಇಸಾವೊ ವಸತಿಯವರ ಚಾಕು ಮಸೆಯಲು ಅಂಗಳದಲ್ಲಿ ಕಲ್ಲು ಹಾಕಿ ಕೂತರೆ, ಆಕೆ ಪರಿಹಾರದ ಕಿಟ್ಟಿನಲ್ಲಿ ಬಂದ ತೆಳ್ಳನೆಯ ತಗಡಿನಂಥ ಚಾಕು ಹಿಡಿದು ಬರುತ್ತಾರೆ.

"ಅಕ್ಕ, ಆ ಎಡಗೈದು ನಿಮ್ಮದಲ್ವಾ?"

"ನನ್ನದಲ್ಲ."

"ಮತ್ತೆ ಈ ಊರಲ್ಲಿ ಎಡಗೈಯವರು ಎಷ್ಟು ಜನ?"

"ಸತ್ತವರನ್ನೂ ಸೇರಿಸಿ ಎಣಿಸ್ತೀಯಾ, ಕಮ್ಮಾರಪ್ಪ? ಸುಮ್ಮನೆ ಇದನ್ನ ಮಸೆ."

"ಇದನ್ನ ಮಸೆಯೋದೂ ಒಂದೇ, ಚಮಚ ಮಸೆಯೋದೂ ಒಂದೇ."

"ಡಬ್ಬಿ ಮೀನಿಗೆ ಚಮಚ ಸಾಕು. ಕೊಯ್ದು ಹಾಕಿದ್ರೆ ತಿನ್ನೋರು ಯಾರಿದಾರೆ?"

ಇಸಾವೊ ಕಲ್ಲಿಗೆ ಇನ್ನಷ್ಟು ನೀರು ಹಾಕುತ್ತಾರೆ.

ನಾಲ್ಕನೆಯ ಗುರುವಾರ ಮಿನೊರಿಯೇ ವ್ಯಾನಿನಲ್ಲಿ ಬಂದಿಳಿಯುತ್ತಾರೆ. ಯೊಕೊಹಾಮದ ಎಡಗೈ ಬಾಣಸಿಗನೊಬ್ಬ ಆ ಚಾಕು ಕೇಳಿ ಎರಡು ಕಾಗದ ಬರೆದಿದ್ದಾನೆ. ಸರದಿಯಲ್ಲಿ ಮೂರನೆಯವರಾಗಿ ಶಿಜುಯೆ ಸ್ಟೂಲಿನ ಮೇಲೆ ಕೂತಿದ್ದಾರೆ.

"ಮೇಷ್ಟ್ರೇ, ಇನ್ನೂರ ಹದಿನೇಳು ಎಲ್ಲಿ? ತಿಂಗಳಾಯ್ತು, ಬರೀ 'ಆಗಿಲ್ಲ, ಆಗಿಲ್ಲ' ಅಂತಿದೀರ."

ಇಸಾವೊ ಚಾಕುವನ್ನು ಬಟ್ಟೆಯಿಂದ ತೆಗೆದು ಮೇಜಿನ ಮೇಲಿಡುತ್ತಾರೆ. ಎಂದೋ ಕೂರಿಸಿದ ಹೊಸ ಹಿಡಿ, ಕೂದಲು ಕೊಯ್ಯುವ ಬಾಯಿ.

"ಆಗಿದೆಯಲ್ಲಾ!"

"ಮಾರೋ ಹಾಗಿಲ್ಲ. ಸೊಟ್ಟ. ಮೊನೆ ಹತ್ರ ತಿರುಚಿಕೊಂಡಿದೆ. ಉಕ್ಕೂ ಕಳಪೆ. ಮಾಡಿದವನಿಗೆ ಕೆಲಸ ಬರ್ತಿರಲಿಲ್ಲ. ಗುಜರಿಗೆ ಹಾಕಿ."

ಸ್ಟೂಲು ಹಿಂದಕ್ಕೆ ಬೀಳುತ್ತದೆ.

"ಯಾವುದೋ ಸೊಟ್ಟ?" ಶಿಜುಯೆಯ ದನಿಗೆ ಎದುರು ಸಾಲಿನ ಕಿಟಕಿಗಳು ತೆರೆದುಕೊಳ್ಳುತ್ತವೆ. "ನಲವತ್ತೈದು ವರ್ಷ ಬುರಿ ಮೀನಿನ ತಲೆ ಒಡೆದಿದೀನಿ ಅದರಲ್ಲಿ! ಒಂದು ಹಲ್ಲು ಮುಕ್ಕಾಗಿಲ್ಲ! ನನ್ನ ಚಾಕು ಸೊಟ್ಟನಾ? ನಿನ್ನ ಕಣ್ಣು ಸೊಟ್ಟ!"

ಮಿನೊರಿ ಶಿಜುಯೆಯ ಮುಖ ನೋಡುತ್ತಾರೆ, ಚಾಕು ನೋಡುತ್ತಾರೆ. ಆಮೇಲೆ ಪಟ್ಟಿ ತೆಗೆದು ಇನ್ನೂರ ಹದಿನೇಳರ ಮೇಲೆ ಗೀಟು ಎಳೆಯುತ್ತಾರೆ.

"ಯಾರಾದರೂ ಬಂಗುಡೆ ತನ್ನಿ" ಎನ್ನುತ್ತಾರೆ ಶಿಜುಯೆ, ಯಾರನ್ನೂ ನೋಡದೆ. "ಸೊಟ್ಟ ಯಾವುದು ತೋರಿಸ್ತೀನಿ."

ಬಂಗುಡೆ ಬರುತ್ತದೆ. ಒಂದಲ್ಲ, ಐದು ಮನೆಯಿಂದ. ಎಡಗೈ ಕಿವಿರಿನ ಹಿಂದೆ ಇಳಿದು, ಬೆನ್ನೆಲುಬಿನ ಗುಂಟ ಒಂದೇ ಎಳೆತಕ್ಕೆ ಬಾಲ ಮುಟ್ಟುತ್ತದೆ. ಆಕೆ ತಲೆಯೆತ್ತುವುದು ಹನ್ನೊಂದನೆಯ ಮೀನಿನ ನಂತರವೇ. ಅದೂ ದೂರಲು: "ಹಿಡಿ ಹತ್ರ ಬಾಯಿ ತೆಳು ಮಾಡಿಟ್ಟಿದೀಯ. ಎಲುಬು ಕಡಿಯೋದು ಹೇಗೆ? ಮುಂದಿನ ಗುರುವಾರ ಸರಿ ಮಾಡಿಕೊಡು."

"ಮಾಡ್ತೀನಿ, ಮಾಡ್ತೀನಿ. ಬಾಯಿ ಮುಚ್ಚಿದ್ರೆ ಬೇಗ ಆಗತ್ತೆ."

ವ್ಯಾನು ಹತ್ತುವಾಗ ಮಿನೊರಿ ಮೆಲ್ಲಗೆ ಕೇಳುತ್ತಾರೆ, "ಬೇಕಂತಲೇ ಅಂದ್ರಾ, ಮೇಷ್ಟ್ರೇ?"

"ಅಷ್ಟೆಲ್ಲ ಬುದ್ಧಿ ಇದ್ದಿದ್ರೆ ಕಮ್ಮಾರ ಯಾಕಾಗ್ತಿದ್ದೆ?"

ಅಡುಗೆಮನೆಗೆ ಇನ್ನೂ ಮಾಡು ಬಂದಿಲ್ಲ. ಕೊಟ್ಟಿಗೆಯಲ್ಲಿ ಬಿಚ್ಚದ ಪೊಟ್ಟಣಗಳು ನಲವತ್ತಕ್ಕೂ ಹೆಚ್ಚಿವೆ. ಕುಲುಮೆ ಮತ್ತೆ ಕಟ್ಟುವ ಆಸೆಯಿಲ್ಲವೇ ಎಂದರೆ ಇಸಾವೊ ಗುಡ್ಡದ ಕಡೆ ನೋಡುವುದಿಲ್ಲ. "ಜನ ಉಜ್ಜದೇ ಕಳಿಸಿದ್ರೆ ಸಾಕು" ಎನ್ನುತ್ತಾರೆ.

ಅಂದು ಕುಲುಮೆಯ ಹಿಂಬಾಗಿಲಲ್ಲಿ ನಿಂತವಳಿಗಾಗಿ ಬಡಿದದ್ದು, ತಂದೆಯ ಕೈ ಸೋಕದೆ ಅವರು ಒಬ್ಬರೇ ಮಾಡಿದ ಮೊಟ್ಟಮೊದಲ ಚಾಕು. ಈ ಒಂದು ತಿಂಗಳಲ್ಲಿ ಅದನ್ನು ಮಾರದೆ, ಕೊಡದೆ, ತಾವೇ ಇಟ್ಟುಕೊಂಡುಬಿಡಬೇಕೆಂದು ಎಷ್ಟೋ ಬೆಳಿಗ್ಗೆ ಅನ್ನಿಸಿತ್ತು. ಇದನ್ನು ಇಸಾವೊ ಶಿಜುಯೆಗೆ ಹೇಳಲಿಲ್ಲ.