ತೂಬಜ್ಜಿಯ ಹಕ್ಕು ಕಾದಿರಿಸಲಾಗಿದೆ

ನಲವತ್ತು ದಾಟಿದ ಮೇಲೆ ಹತ್ತನೇ ತರಗತಿ ಪಾಸಾದವನಿಗೆ ಪುಸ್ತಕ ಬರೆಯುವ ಹುಚ್ಚು ಹತ್ತಿದರೆ ತಡೆಯುವವರು ಯಾರು? ನಾನು ಬರೆದದ್ದು ಕಾದಂಬರಿಯಲ್ಲ, ಆಟದ ಪುಸ್ತಕ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಆ ಕಥೆಯ ವೀರರಾಗಿ ದಾಳ ಉರುಳಿಸಿ ರಾಕ್ಷಸರನ್ನು ಕೊಲ್ಲುತ್ತಾರೆ. ಕುಮಟಾದ ನನ್ನ ಅಂಗಡಿಯ ಮಾಳಿಗೆಯಲ್ಲಿ ಪ್ರತಿ ಭಾನುವಾರ ಈ ಸಂಹಾರಕಾರ್ಯ ನಡೆಯುತ್ತದೆ.

ಆಟದ ನಿಯಮಗಳು ಒಂದು ವಿದೇಶಿ ಕಂಪನಿಯವು. ಮಹಾ ಉದಾರಿಗಳು. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ ಎಂದು ಮುಕ್ತ ಪರವಾನಗಿ ಕೊಟ್ಟಿದ್ದಾರೆ. ಒಳ್ಳೊಳ್ಳೆಯ ರಾಕ್ಷಸರನ್ನು ಮಾತ್ರ ತಮಗೇ ಇಟ್ಟುಕೊಂಡಿದ್ದಾರೆ. ಊಟಕ್ಕೆ ಕರೆದು, ಮೀನಿನ ತುಂಡು ನಮಗೆ, ಸಾರು ನಿಮಗೆ ಎಂದಂತೆ. ಅಂಥ ಒಬ್ಬ ರಾಕ್ಷಸನ ಬಾಲ ಕತ್ತರಿಸಿ, ಹೆಸರು ಬದಲಿಸಿ, ನನ್ನ ಪುಸ್ತಕಕ್ಕೆ ಸೇರಿಸಿದೆ. ಭಟ್ಕಳದಿಂದ ಆಟಕ್ಕೆ ಬರುವ ಬಟ್ಟೆ ಅಂಗಡಿಯ ಗೆಳೆಯ ಓದಿ ನಕ್ಕ.

“ಎಂತ ಮಾರಾಯ್ರೆ, ಬಾಲ ಕೊಯ್ದ್ರೆ ಕದ್ದ ಎಮ್ಮೆ ನಿಮ್ದಾಗ್ತದಾ?”

“ಮತ್ತೆಂತ ಮಾಡೂದು?”

“ಊರಿನ ಹಳೇ ದೆವ್ವ ಇದ್ರೆ ಹಾಕಿ. ಅದಕ್ಕೆ ಮಾಲೀಕರಿಲ್ಲ.”

ತೂಬಜ್ಜಿ ನೆನಪಾದಳು. ನಮ್ಮೂರು ಕಾಗಾಲದ ಗದ್ದೆಗೆ ಹೊಳೆಯ ಉಪ್ಪುನೀರು ನುಗ್ಗದಂತೆ ಕಟ್ಟಿದ ಕಟ್ಟೆಯ ತೂಬಿನಲ್ಲಿ ಅವಳ ವಾಸ. ಹತ್ತಿರ ಬಂದ ಮಕ್ಕಳ ಕಾಲಿಗೆ ಬೆಳಚಿನ ಚಿಪ್ಪಿನ ಗೆಜ್ಜೆ ಕಟ್ಟಿ ಒಳಗೆಳೆಯುತ್ತಾಳೆ. ‘ಜಾನಪದ, ಮಾಲೀಕರಿಲ್ಲ’ ಎಂದು ಒಂದೇ ಬೆರಳಲ್ಲಿ ಟೈಪ್ ಮಾಡಿದೆ. ವಿವರ ಸರಿಯಿದೆಯೇ ಎಂದು ತಿಳಿಯಲು, ಚಿಕ್ಕಂದಿನಲ್ಲಿ ಆ ಕಥೆ ಹೇಳಿದ್ದ ಸೋದರತ್ತೆಯ ಮನೆಗೇ ಹೋಗಿ ಓದಿ ಹೇಳಿದೆ.

ಅತ್ತೆ ಸೌತೆಕಾಯಿ ಹೆಚ್ಚುವುದು ನಿಲ್ಲಿಸಿದರು. “ಮಾಲೀಕರಿಲ್ವಾ? ನಾ ಸತ್ತೋಗಿದ್ನನಾ ತಮಾ? ನೀನು ತೂಬಿನ್ ಮೇಲೆ ಕುಣೀತಿದ್ದೆ, ಹೊಡದ್ರೂ ಕೇಳ್ತಿರ್ಲಿಲ್ಲ. ಅದ್ಕೇ ಆ ಅಜ್ಜಿನ ನಾನೇ ಹುಟ್ಸ್ದೆ.”

“ಊರವ್ರೆಲ್ಲ ಕಣ್ಣಾರೆ ಕಂಡಿದ್ದೇವೆ ಅಂತಾರಲ್ಲ ಅತ್ತೆ?”

“ಕಂಡಿರ್ಬೇಕು. ನಾ ಹೇಳ್ದ್ ಮೇಲೆ.”

ನಮ್ಮ ಪುರಾತನ ದೆವ್ವಕ್ಕೆ ನನಗಿಂತ ಕಡಿಮೆ ವಯಸ್ಸು! ಕಂಪನಿಯನ್ನು ಬೈದುಕೊಂಡು ತಿರುಗುತ್ತಿದ್ದವನು ಈಗ ಹಕ್ಕುದಾರರ ಮುಂದೆ ಕೈಕಟ್ಟಿ ಅನುಮತಿ ಕೇಳಿದೆ.

“ಆಟದಲ್ಲಿ ಅವ್ಳಿಗೆ ಎಂತ ಮಾಡ್ತ್ರಿ?”

“ಕೊಲ್ಲೂದು.”

“ಹಾಂಗಾರೆ ಬೇಡ. ಅವ್ಳ ಹೆದರಿಕೆಗೇ ನನ್ನ ಮೊಮ್ಮಕ್ಳು ತೂಬಿನ್ ಹತ್ರ ಹೋಗೂದಿಲ್ಲ. ಸತ್ಲು ಅಂತ ಗೊತ್ತಾದ್ರೆ ನೀ ಬಂದು ಕಾಯ್ತ್ಯನಾ?”

ಪುಸ್ತಕದಲ್ಲಿ ಅವಳಿಗಿಂತ ಒಳ್ಳೆಯ ರಾಕ್ಷಸಿ ಇರಲಿಲ್ಲ. “ಕೊಲ್ಲೂದಿಲ್ಲ” ಎಂದೆ.

“ಆತು. ಬರ್ಕೋ.”

ಈಗ ನನ್ನ ಮೊದಲ ಪುಟದಲ್ಲಿ ಹೀಗಿದೆ: ಇದರಲ್ಲಿರುವುದನ್ನು ಯಾರು ಬೇಕಾದರೂ ಬಳಸಬಹುದು, ತೂಬಜ್ಜಿಯೊಬ್ಬಳನ್ನು ಬಿಟ್ಟು. ಮುಕ್ತ ಪರವಾನಗಿ ಎಂದರೆ ಏನೆಂದು ನನಗೂ ಈಗ ಅರ್ಥವಾಗಿದೆ.

ಭಾನುವಾರ ಭಟ್ಕಳದ ವೀರ ತೂಬಿನ ಬಾಯಿಗೆ ಬಂದು ನಿಂತ. ಇವಳನ್ನು ಕೊಲ್ಲುವಂತಿಲ್ಲ, ಓಡಬೇಕು ಎಂದೆ.

“ಎಂತ ಮಾರಾಯ್ರೆ, ಇಷ್ಟ್ ದೊಡ್ಡ ಕತ್ತಿ ಇಟ್ಕೊಂಡು ಓಡೂದಾ?”

“ಓಡೂದೇ. ನಮ್ಮತ್ತೆ ಕೊಟ್ಟ ಪರವಾನಗಿ ಅಷ್ಟೇ.”